ಮಂಗಳವಾರದ ದವಾಖಾನೆ

ಬಸವಕಲ್ಯಾಣದ ಕಡೆಯ ಮುಡಬಿ ಸೀಮೆಯ ಕೂಲಿ ಹೆಣ್ಣುಮಗಳು ‘ನನಗೆ ಖಿನ್ನತೆ’ ಅನ್ನುವುದಿಲ್ಲ. ‘ಎದಿ ಡವಡವ ಅಂತದ’ ಅಂತಾಳೆ. ‘ತಲಿ ದಿಮ್ಮಂತದ, ನಿದ್ದಿ ಹತ್ತವಲ್ದು, ಕೈಕಾಲಾಗ ಕಸುವೇ ಇಲ್ಲ.’ ಇನ್ನೊಂದಿಷ್ಟು ಹೊತ್ತು ಪಕ್ಕದಲ್ಲಿ ಕೂತರೆ ದನಿ ತಗ್ಗಿಸಿ, ‘ಯಾದೂ ಬ್ಯಾಡ ಅನಸ್ಲತದ’. ನಿಜಾಮರ ಕಾಲದ ಉರ್ದು ಇಲ್ಲಿನ ಕನ್ನಡದೊಳಗೆ ಕರಗಿದೆ. ಹಾಗಾಗಿ ‘ಫಿಕರ್ ಹತ್ಯಾದ’ ಎಂಬ ಮಾತೂ ಉಂಟು. ಆ ‘ಹತ್ಯಾದ’ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಬೆಂಕಿ ಹತ್ತುತ್ತದೆ, ಗೆದ್ದಲು ಹತ್ತುತ್ತದೆ, ಚಟ ಹತ್ತುತ್ತದೆ. ಚಿಂತೆಯೂ ಹಾಗೆಯೇ, ಹೊರಗಿನಿಂದ ಬಂದು ಮೈಗೆ ಅಂಟಿಕೊಳ್ಳುವ ವಸ್ತು.

ಬರೆಯಬೇಕೆಂದು ಹೊರಟಿದ್ದು ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮನೋರೋಗ ತಪಾಸಣೆಯ ಬಗ್ಗೆ. ಸಿಕ್ಕಿಹಾಕಿಕೊಂಡಿದ್ದು ಈ ಮಾತುಗಳಲ್ಲಿ. ಆದರೆ ಎರಡೂ ಬೇರೆಯಲ್ಲ. ಎದೆ ಡವಡವ ಅಂದವಳಿಗೆ ಬಿ.ಪಿ. ನೋಡಿ, ಕಸುವಿಲ್ಲ ಅಂದವಳಿಗೆ ಸಲಾಯಿನ್ ಏರಿಸಿ, ತಲೆ ದಿಮ್ಮೆಂದವಳಿಗೆ ನೋವಿನ ಗುಳಿಗೆ ಕೊಟ್ಟು ಕಳಿಸಿದರೆ ರೋಗ ಎಂದೂ ಸಿಕ್ಕುವುದಿಲ್ಲ. ಹಾಗಂತ ಮೈಯ ನೋವು ಸುಳ್ಳೂ ಅಲ್ಲ. ದಿನವಿಡೀ ಬಗ್ಗಿ ಕಳೆ ಕಿತ್ತ ಬೆನ್ನು, ರಕ್ತವಿಲ್ಲದ ಮೈ, ಹೈದರಾಬಾದಿಗೋ ಪುಣೆಗೋ ದುಡಿಯಲು ಹೋದ ಗಂಡನ ಬಾರದ ಫೋನು, ಎಲ್ಲವೂ ಒಂದೇ ಗಂಟು. ಯಾವ ಎಳೆ ಮೊದಲು ಬಿಚ್ಚಬೇಕೆಂಬುದೇ ವೈದ್ಯರ ಕಷ್ಟ. ಗೋವಾದಲ್ಲಿ ವಿಕ್ರಂ ಪಟೇಲ್ ಮತ್ತು ಸಂಗಡಿಗರು ಬಿಳಿಮುಟ್ಟಿನ ದೂರು ಹೊತ್ತು ಬರುವ ಹೆಂಗಸರನ್ನು ಅಧ್ಯಯನ ಮಾಡಿದಾಗ, ಆ ದೂರಿಗೆ ಸೋಂಕಿಗಿಂತ ಮನಸ್ಸಿನ ಸಂಕಟದ ಜೊತೆಗೇ ಹತ್ತಿರದ ನಂಟು ಕಂಡಿತ್ತು.

ಈ ಮಾತುಗಳನ್ನು ಕಿವಿಗೊಟ್ಟು ಕೇಳಿದ ಮೊದಲಿಗರಲ್ಲಿ ಒಬ್ಬರು ಡಾ. ಆರ್.ಎಲ್. ಕಪೂರ್. ಸ್ಕಾಟ್ಲೆಂಡಿನ ಮನೋವೈದ್ಯ ಮಾರಿಸ್ ಕಾರ್ಸ್ಟೇರ್ಸ್ ಜೊತೆ ಅವರು ಕೆಲಸ ಮಾಡಿದ್ದು ಕರಾವಳಿಯ ಕೋಟದಲ್ಲಿ, ಹೌದು, ಶಿವರಾಮ ಕಾರಂತರು ಹುಟ್ಟಿದ ಅದೇ ಕೋಟ. ಬ್ರಾಹ್ಮಣರು, ಬಂಟರು, ಮೊಗೇರರ ಮನೆಗಳಿಗೆ ಹೋಗಿ ಯಾರಿಗೆ ಏನು ಸಂಕಟ, ಅದನ್ನು ಯಾರ ಬಳಿ ಹೇಳಿಕೊಳ್ಳುತ್ತಾರೆ ಎಂದು ವಿಚಾರಿಸಿದರು. ಅದರ ಬಗ್ಗೆ ಅವರು ಬರೆದ ಪುಸ್ತಕ 1976ರಲ್ಲಿ ಬಂತು. ಜನ ವೈದ್ಯರ ಬಳಿಗೂ ಹೋಗುತ್ತಾರೆ, ಮಂತ್ರವಾದಿಯ ಬಳಿಗೂ ಹೋಗುತ್ತಾರೆ, ಎರಡರ ನಡುವೆ ಅವರಿಗೆ ಜಗಳವೇ ಇಲ್ಲ ಎಂಬುದು ಕಪೂರ್ ಕಂಡ ಸಂಗತಿ.

ಮುಂದಿನ ಚರಿತ್ರೆಯನ್ನು ಬೇಗ ಹೇಳಿಬಿಡುತ್ತೇನೆ. 1975ರ ಹೊತ್ತಿಗೆ ಕಪೂರ್ ನಿಮ್ಹಾನ್ಸ್‌ನಲ್ಲಿ ಸಮುದಾಯ ಮನೋವೈದ್ಯ ಘಟಕ ಕಟ್ಟಿದರು. ಬನ್ನೇರುಘಟ್ಟದ ಬಳಿಯ ಸಕಲವಾರ ಅದರ ಹಳ್ಳಿ ಪ್ರಯೋಗಶಾಲೆಯಾಯಿತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತೆಯರಿಗೂ ತರಬೇತಿ ಕೊಟ್ಟು, ಬೆರಳೆಣಿಕೆಯ ಔಷಧಗಳಲ್ಲೇ ಎಷ್ಟು ಸಾಧ್ಯವೆಂದು ತೋರಿಸಲಾಯಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಅದೇ ಬಳ್ಳಾರಿ. ಈ ಪರಂಪರೆಯ ಇನ್ನೊಂದು ಹೆಸರು ಡಾ. ಸಿ.ಆರ್. ಚಂದ್ರಶೇಖರ್. ಮನೋರೋಗದ ಬಗ್ಗೆ ಅವರು ಕನ್ನಡದಲ್ಲಿ ಬರೆದ ಪುಸ್ತಕಗಳು ಬಸ್ ನಿಲ್ದಾಣದ ಅಂಗಡಿಯಲ್ಲೂ ಸಿಗುತ್ತಿದ್ದವು. 2024ರಲ್ಲಿ ಪದ್ಮಶ್ರೀ ಬಂತು.

2014ರಲ್ಲಿ ರಾಜ್ಯ ಸರ್ಕಾರ ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ಮಂಗಳವಾರಗಳಂದು ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗೇ ಕಳಿಸತೊಡಗಿತು. ಮಂಗಳವಾರವನ್ನೇ ಆರಿಸಿದವರು ಯಾರೋ ತಿಳಿಯದು, ಆದರೆ ನಮ್ಮ ಕಡೆ ಮಂಗಳವಾರ ಅವ್ವನ ವಾರ. ಎಲ್ಲಮ್ಮನಿಗೆ, ಮರಗಮ್ಮನಿಗೆ ಹರಕೆ ಹೊರುವ ದಿನ. ಮೈಮೇಲೆ ಬಂದವಳನ್ನು ಗುಡಿಗೆ ಕರೆದೊಯ್ಯುವ ದಿನವೂ ಅದೇ. ಬೆಳಿಗ್ಗೆ ಅವ್ವನಿಗೆ ಕಾಯಿ ಒಡೆಸಿ, ಹಾಗೆಯೇ ದವಾಖಾನೆಗೆ ಬಂದು ಚೀಟಿ ಮಾಡಿಸಿದರೆ ಯಾರ ಮನಸ್ಸೂ ಮುರಿಯುವುದಿಲ್ಲ. ಕಪೂರ್ ಇದ್ದಿದ್ದರೆ ನಗುತ್ತಿದ್ದರೇನೋ.

ಇದು ಕಲ್ಯಾಣದ ನೆಲ. ಕಾಯಕದ ಮಾತು ಬಾರದೆ ಇರದು. ಬಿದ್ದ ಅಕ್ಕಿ ಆಯ್ದು ತರುತ್ತಿದ್ದ ಶರಣ ಮಾರಯ್ಯ ಒಂದು ದಿನ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ವಾಪಸು ಕಳಿಸಿದ ಕತೆ ಇಲ್ಲಿನ ಮಕ್ಕಳಿಗೂ ಗೊತ್ತು. ನನಗೆ ಆ ಕತೆಯಲ್ಲಿ ಕಾಣುವುದು ಮಾರಯ್ಯನ ಬೆನ್ನು. ಒಂದೊಂದೇ ಕಾಳಿಗೆ ಬಗ್ಗಿದ ಆ ಬೆನ್ನಿಗೆ ರಾತ್ರಿ ಎಣ್ಣೆ ತಿಕ್ಕಿದವರು ಯಾರು?

ದವಾಖಾನೆಯ ಔಷಧಕ್ಕೆ ದುಡ್ಡು ಕೊಡಬೇಕಿಲ್ಲ. ದುಬಾರಿಯಾದದ್ದು ಮಂಗಳವಾರವೇ. ಉದ್ಯೋಗ ಖಾತ್ರಿಯ ದಿನಗೂಲಿ 2025ರ ಏಪ್ರಿಲ್‌ನಲ್ಲಿ ಕರ್ನಾಟಕದಲ್ಲಿ 370 ರೂಪಾಯಿ ಆಗಿತ್ತು. ಮುಡಬಿಯಿಂದ ಬಸವಕಲ್ಯಾಣಕ್ಕೆ ಹೋಗಿ, ಸಾಲಿನಲ್ಲಿ ನಿಂತು, ಮರಳಿದರೆ ಅಂದಿನ ಕೂಲಿ ಹೋಯಿತು. ಜೊತೆಗೆ ಬಂದವರದೂ ಹೋಯಿತು. ಇನ್ನು ಗುಳಿಗೆಯ ಕತೆ. ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಮಾತ್ರೆ ಮೊದಲ ದಿನವೇ ಬಾಯಿ ಒಣಗಿಸುತ್ತದೆ, ಮಂಪರು ತರುತ್ತದೆ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಐದು ಗಂಟೆಗೆ ಎದ್ದು ಜೋಳದ ರೊಟ್ಟಿ ಬಡಿದು, ಟಂಟಂ ಆಟೋ ಹತ್ತಬೇಕಾದವಳಿಗೆ ಈ ಲೆಕ್ಕ ಹೊಂದುವುದಿಲ್ಲ. ‘ಗುಳಿಗಿ ತಗೊಂಡ್ರ ಏಳಾಕ ಆಗಲ್ದು’ ಎಂದು ಚೀಟಿಯನ್ನು ಮಾಡಿನ ಸಂದಿಗೆ ಸಿಕ್ಕಿಸುತ್ತಾಳೆ.

ಆಗ ಬರುವವಳು ಆಶಾ ಕಾರ್ಯಕರ್ತೆ. ರಕ್ತ ಕಮ್ಮಿ, ಬಾಣಂತನ, ಲಸಿಕೆ, ಕ್ಷಯ ಎಲ್ಲದರ ನಡುವೆ ‘ಅಕ್ಕಾ, ಗುಳಿಗಿ ಬಿಟ್ಟೀ ಏನ?’ ಎಂದು ಕೇಳುವವಳು. ಅವಳೂ ಕಡಿಮೆ ಕೂಲಿಯವಳೇ. 2025ರ ಜನವರಿಯ ಚಳಿಯಲ್ಲಿ ರಾಜ್ಯದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತ ಮೇಲೆ ತಿಂಗಳಿಗೆ 10,000 ರೂಪಾಯಿಯ ಭರವಸೆ ಸಿಕ್ಕಿತು. ಅವಳಿಗೆ ಫಿಕರ್ ಹತ್ತಿದರೆ ಯಾರು ಕೇಳಬೇಕು ಎಂಬುದಕ್ಕೆ ಯಾವ ರಿಜಿಸ್ಟರಿನಲ್ಲೂ ಕಾಲಂ ಇದ್ದಂತಿಲ್ಲ.

2022ರ ಅಕ್ಟೋಬರಿನಿಂದ 14416ಕ್ಕೆ ಫೋನು ಹಚ್ಚಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಒಳ್ಳೆಯದೇ. ಆದರೆ ಒಂದೇ ಮೊಬೈಲಿರುವ ಮನೆಯಲ್ಲಿ ಅದು ಗಂಡಸರ ಕಿಸೆಯಲ್ಲಿರುತ್ತದೆ. ನನಗೆ ಇದಕ್ಕಿಂತ ಹೆಚ್ಚು ನೆಮ್ಮದಿ ಕೊಟ್ಟದ್ದು ಪಂಚಾಯಿತಿಗಳ ‘ಕೂಸಿನ ಮನೆ’. ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಎಳೆಕೂಸುಗಳನ್ನು ನೋಡಿಕೊಳ್ಳುವ ಜಾಗ. ನೋಡಿಕೊಳ್ಳುವವರೂ ಕೂಲಿಯ ಹೆಣ್ಣುಮಕ್ಕಳೇ. ಜಾಲಿ ಮರಕ್ಕೆ ಹಳೆ ಸೀರೆಯ ಜೋಳಿಗೆ ಕಟ್ಟಿ, ಕೈ ಮಣ್ಣಲ್ಲಿ, ಕಿವಿ ಜೋಳಿಗೆಯಲ್ಲಿ ಇಟ್ಟು ದುಡಿದವರಿಗೆ ಇದು ಗುಳಿಗೆಗಿಂತ ದೊಡ್ಡದು.

ಸೋಯಾ ರಾಶಿಯ ಕಾಲ ಬಂದರೆ ಕೂಲಿಯೂ ಏರುತ್ತದೆ, ಆಳುಗಳಿಗೂ ಬೇಡಿಕೆ. ಆ ವಾರಗಳಲ್ಲಿ ಬೆಳಗಿನ ಟಂಟಂಗಳು ತುಂಬಿ ಹೊಲದ ಕಡೆಗೇ ಹೊರಡುತ್ತವೆ. ದವಾಖಾನೆಗೆ ಹೋಗಬೇಕಾದವಳೂ ಅದರಲ್ಲೇ ಕೂತಿರುತ್ತಾಳೆ, ಕುಡುಗೋಲು ಮಡಿಲಲ್ಲಿ. ಕೇಳಿದರೆ, ‘ಬರೋ ಮಂಗಳವಾರ ಹೋಗ್ತೀನ್ರಿ.’