ನಾಡು ಕಂಗೆಟ್ಟಾಗ: ಲೈಪ್‌ಜಿಗ್‌ನ ಸೋಮವಾರದ ಪ್ರಾರ್ಥನೆಗಳು

ಮಂಗಳೂರಿನ ಇಗರ್ಜಿಯಲ್ಲಾಗಲಿ, ಹುಬ್ಬಳ್ಳಿಯ ಸಿಎಸ್‌ಐ ದೇವಾಲಯದಲ್ಲಾಗಲಿ ಭಾನುವಾರದ ಆರಾಧನೆಗೆ ಕೂತವರು ಕಾಯಿಲೆಯವರಿಗಾಗಿ, ಸಾವಿನ ಮನೆಯವರಿಗಾಗಿ ಬೇಡುವುದರ ಜೊತೆಗೆ ನಾಡನ್ನು ಆಳುವವರಿಗಾಗಿಯೂ ಬೇಡುವುದುಂಟು. ಹೆಚ್ಚಿನವರ ಗಮನ ಅತ್ತ ಹೋಗುವುದಿಲ್ಲ. ಯಾವ ಪಕ್ಷದ ಸರ್ಕಾರ ಬಂದರೂ ಆ ಸಾಲು ಬದಲಾಗದು. ನೆಮ್ಮದಿಯ ದಿನಗಳಲ್ಲಿ ಅದೊಂದು ರೂಢಿ. ಬೀದಿ ತುಂಬ ಪೊಲೀಸರು, ಜೈಲಿನಲ್ಲಿ ಹುಡುಗರು, ಪತ್ರಿಕೆ ತುಂಬ ಸುಳ್ಳು ಇರುವ ದಿನಗಳಲ್ಲಿ ಅದೇ ಸಾಲು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಏನೆಂದು ಬೇಡುವುದು? ಆಳುವವನಿಗೆ ಆಯುಸ್ಸು ಕೊಡು ಎಂದೋ, ಬುದ್ಧಿ ಕೊಡು ಎಂದೋ, ಅವನನ್ನು ಇಳಿಸು ಎಂದೋ?

ಪ್ರಶ್ನೆ ಹಳೆಯದು. ಜೆರುಸಲೇಮನ್ನು ಮಣಿಸಿದ ಬಾಬಿಲೋನಿಯರು ಯೆಹೂದ್ಯರನ್ನು ಸೆರೆಯೊಯ್ದಾಗ ಪ್ರವಾದಿ ಯೆರೆಮೀಯನು ಆ ಸೆರೆಯಾಳುಗಳಿಗೊಂದು ಪತ್ರ ಬರೆದ. ನೀವೀಗ ಇರುವ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂಬುದು ಅದರ ಸಾರ. ಎಂದರೆ, ಹಗೆಯ ಊರಿಗಾಗಿ. ಹೊಸ ಒಡಂಬಡಿಕೆಯಲ್ಲಿ ತಿಮೊಥೆಯನಿಗೆ ಬರೆದ ಮೊದಲ ಪತ್ರವೂ ಅರಸರಿಗಾಗಿ, ಅಧಿಕಾರದಲ್ಲಿರುವ ಎಲ್ಲರಿಗಾಗಿ ಬೇಡಿಕೊಳ್ಳಲು ಹೇಳುತ್ತದೆ. ಅಂದಿನ ಅರಸನೆಂದರೆ ರೋಮಿನ ಚಕ್ರವರ್ತಿ. ಕ್ರೈಸ್ತರ ಮೇಲೆ ಅವನಿಗೇನೂ ಮಮತೆ ಇರಲಿಲ್ಲ. ಸುಮಾರು 197ರಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜಿನಲ್ಲಿದ್ದ ತೆರ್ತುಲ್ಲಿಯನ್ ಎಂಬ ಲೇಖಕ ಒಂದು ಗೆರೆ ಎಳೆದ. ಚಕ್ರವರ್ತಿಗಾಗಿ ನಾವು ದೇವರನ್ನು ಬೇಡುತ್ತೇವೆ, ಚಕ್ರವರ್ತಿಯನ್ನೇ ದೇವರೆಂದು ಬೇಡಲಾರೆವು ಎಂಬುದು ಅವನ ವಾದ. ರೋಮಿನ ಅಧಿಕಾರಿಗಳಿಗೆ ಇದು ರಾಜದ್ರೋಹವಾಗಿ ಕಂಡಿತು. ಕಂಡದ್ದರಲ್ಲಿ ತಪ್ಪೇನಿಲ್ಲ ಎನ್ನಬೇಕು. ಒಬ್ಬನಿಗಾಗಿ ಇನ್ನೊಬ್ಬರ ಬಳಿ ಬೇಡುವುದೆಂದರೆ ಅವನ ಮೇಲೆ ಬೇರೊಬ್ಬರಿದ್ದಾರೆ ಎಂದು ಅವನೆದುರೇ ಹೇಳಿದಂತೆ.

ಮುಂದೆ ಅರಸರೇ ಕ್ರೈಸ್ತರಾದರು, ಗೆರೆ ಮಸುಕಾಯಿತು. ಯುರೋಪಿನ ಚರ್ಚ್‌ಗಳು ತಂತಮ್ಮ ದೊರೆಗಳ ಗೆಲುವಿಗೆ ಬೇಡುತ್ತ ಬಂದವು. ಮೊದಲ ಮಹಾಯುದ್ಧಕ್ಕೆ ಹೊರಟ ಜರ್ಮನ್ ಸಿಪಾಯಿಯ ಸೊಂಟದ ಪಟ್ಟಿಯ ಮೇಲೆ ದೇವರು ನಮ್ಮೊಡನಿದ್ದಾನೆ ಎಂದು ಅಚ್ಚೊತ್ತಿತ್ತು. ಎದುರಿನ ಕಂದಕದಲ್ಲಿದ್ದವರೂ ಅದೇ ದೇವರನ್ನು ಕರೆಯುತ್ತಿದ್ದರು.

ಅದೇ ಜರ್ಮನಿಯಲ್ಲಿ 1938ರ ಸೆಪ್ಟೆಂಬರ್‌ನಲ್ಲಿ ನಡೆದದ್ದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಪುಸ್ತಕಗಳು ಇದನ್ನು ಹೆಚ್ಚಾಗಿ ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ಚೆಕೊಸ್ಲೊವಾಕಿಯದ ಸುಡೇಟನ್ ಪ್ರದೇಶಕ್ಕಾಗಿ ಹಿಟ್ಲರ್ ಯುದ್ಧದ ಬೆದರಿಕೆ ಹಾಕಿದ್ದ ದಿನಗಳು. ನಾಜಿಗಳ ಹಿಡಿತಕ್ಕೆ ಒಪ್ಪದ ಪ್ರಾಟೆಸ್ಟೆಂಟರ ಬಣವೊಂದು ಸೆಪ್ಟೆಂಬರ್ 30ಕ್ಕೆಂದು ಶಾಂತಿಯ ಆರಾಧನಾ ಕ್ರಮವನ್ನು ಬರೆದು ಸಭಾಪಾಲಕರಿಗೆ ಕಳಿಸಿತು. ಗೆಲುವಿನ ಕೋರಿಕೆ ಅದರಲ್ಲಿರಲಿಲ್ಲ. ನಮ್ಮ ಪಾಪವನ್ನೂ ನಮ್ಮ ಜನಾಂಗದ ಪಾಪವನ್ನೂ ಕ್ಷಮಿಸು, ಯುದ್ಧ ತಪ್ಪಿಸು ಎಂಬ ಬೇಡಿಕೆಯಿತ್ತು. ಮ್ಯೂನಿಕ್ ಒಪ್ಪಂದವಾಗಿ ಯುದ್ಧ ಸದ್ಯಕ್ಕೆ ತಪ್ಪಿತು, ಆರಾಧನೆ ನಡೆಯಲೇ ಇಲ್ಲ. ಆದರೂ ಎಸ್‌ಎಸ್ ಪಡೆಯ ವಾರಪತ್ರಿಕೆ ಆ ಹಾಳೆಗಳನ್ನು ದೇಶದ್ರೋಹವೆಂದು ಬೊಬ್ಬೆಯಿಟ್ಟಿತು. ಬರೆದವರ ಮೇಲೆ ಶಿಸ್ತಿನ ಕ್ರಮ ಶುರುವಾಯಿತು. ಹೆಚ್ಚು ನೋವಿನ ಸಂಗತಿ ಅನಂತರದ್ದು: ಅಕ್ಟೋಬರ್ ಕೊನೆಯಲ್ಲಿ ದೊಡ್ಡ ಪ್ರಾಂತ್ಯಗಳ ನಾಲ್ವರು ಬಿಷಪ್ಪರು ಸರ್ಕಾರದ ಮುಂದೆ ಈ ಪ್ರಾರ್ಥನೆಗೂ ತಮಗೂ ಸಂಬಂಧವಿಲ್ಲವೆಂದು ಕೈತೊಳೆದುಕೊಂಡರು. ನಡೆಯದ ಪ್ರಾರ್ಥನೆಯೊಂದು ಇಷ್ಟು ಜನರನ್ನು ಹೆದರಿಸಿತು.

ಇಳಿಸು ಎಂದೇ ನೇರವಾಗಿ ಬೇಡಿದವರು ದಕ್ಷಿಣ ಆಫ್ರಿಕಾದವರು. 1985ರ ಜೂನ್ 16, ಸೊವೆಟೊ ಮಕ್ಕಳ ಮೇಲೆ ಗುಂಡು ಹಾರಿ ಒಂಬತ್ತು ವರ್ಷ ತುಂಬಿದ ದಿನ, ಅನ್ಯಾಯದ ಆಳ್ವಿಕೆ ಕೊನೆಗಾಣಲಿ ಎಂದು ಪ್ರಾರ್ಥಿಸಲು ಅಲ್ಲಿನ ಚರ್ಚ್‌ಗಳ ಒಕ್ಕೂಟ ಕರೆಕೊಟ್ಟಿತು. ವರ್ಣಭೇದವನ್ನು ಖಂಡಿಸುತ್ತಿದ್ದ ಪಾದ್ರಿಗಳಲ್ಲೇ ಕೆಲವರು ತಬ್ಬಿಬ್ಬಾದರು. ಸರ್ಕಾರ ತಿದ್ದಿಕೊಳ್ಳಲಿ ಎನ್ನುವುದು ಸರಿ, ತೊಲಗಲಿ ಎನ್ನುವುದು ಪ್ರಾರ್ಥನೆಯೇ ಎಂಬ ಅನುಮಾನ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಕ್ರೈಸ್ತ ಚಿಂತಕರು ಹೊರತಂದ ಕೈರೋಸ್ ದಾಖಲೆ, ಎರಡು ಕಡೆಗೂ ಸಲ್ಲುವ ಶಾಂತಿಮಾತು ಆಡುವ ಚರ್ಚನ್ನು ಕಟುವಾಗಿಯೇ ಟೀಕಿಸಿತು.

ಇನ್ನು ಲೈಪ್‌ಜಿಗ್.

ಪೂರ್ವ ಜರ್ಮನಿಯಲ್ಲಿ ಕಮ್ಯುನಿಸ್ಟ್ ಸರ್ಕಾರ ಚರ್ಚ್‌ಗಳನ್ನು ಮುಚ್ಚಿಸಿರಲಿಲ್ಲ, ಸೊರಗಲು ಬಿಟ್ಟಿತ್ತು. ಚರ್ಚಿಗೆ ಹೋಗುವ ಮನೆಯ ಮಕ್ಕಳಿಗೆ ಕಾಲೇಜಿನ ಸೀಟು ಸಿಗುವುದು ಕಷ್ಟ. ಹಾಗಿದ್ದೂ ಪಕ್ಷದ ಕೈಗೆ ಪೂರ್ತಿ ಸಿಗದ ದೊಡ್ಡ ಸಂಸ್ಥೆಯೆಂದು ದೇಶದಲ್ಲಿ ಉಳಿದದ್ದು ಚರ್ಚ್ ಒಂದೇ. ಸಾರ್ವಜನಿಕ ಸಭೆಗೆ ಪೊಲೀಸರ ಅನುಮತಿ ಬೇಕು, ಆರಾಧನೆಗೆ ಬೇಡ. ಕರಪತ್ರ ಅಚ್ಚು ಹಾಕಿಸಲು ಪರವಾನಗಿ ಬೇಕು; ಚರ್ಚಿನ ಒಳಬಳಕೆಗೆ ಮಾತ್ರ ಎಂಬ ಸಾಲು ಹಾಕಿ ತೆಗೆದ ಸೈಕ್ಲೋಸ್ಟೈಲ್ ಪ್ರತಿಗೆ ಒಂದಿಷ್ಟು ರಿಯಾಯಿತಿ ಇತ್ತು. ಕತ್ತಿಗಳನ್ನು ಬಡಿದು ನೇಗಿಲ ಗುಳ ಮಾಡುವ ಮೀಕನ ಪ್ರವಾದನೆಯ ಚಿತ್ರವನ್ನು ಡ್ರೆಸ್ಡೆನ್ನಿನ ಯುವಜನರ ಪಾದ್ರಿ ಹರಾಲ್ಡ್ ಬ್ರೆಟ್‌ಶ್ನೈಡರ್ 1980ರಲ್ಲಿ ಕಾಗದ ಬಿಟ್ಟು ಬಟ್ಟೆಯ ಮೇಲೆ ಮುದ್ರಿಸಿದ್ದೂ ಇದೇ ಜಾಣತನದಿಂದ, ಬಟ್ಟೆಗೆ ಮುದ್ರಣ ಪರವಾನಗಿ ಬೇಕಿರಲಿಲ್ಲ. ಚಿತ್ರದ ಮೂಲ ಸೋವಿಯತ್ ಒಕ್ಕೂಟವೇ ವಿಶ್ವಸಂಸ್ಥೆಗೆ ಕೊಟ್ಟ ಪ್ರತಿಮೆ. ಅಣ್ಣನ ಮನೆಯ ಉಡುಗೊರೆಯನ್ನು ತೋಳಿಗೆ ಹೊಲಿದುಕೊಂಡ ಹುಡುಗರನ್ನು ತಮ್ಮನ ಮನೆಯ ಪೊಲೀಸರು ಹಿಡಿದು, ಚಿತ್ರವನ್ನು ಕಿತ್ತುಹಾಕಿಸಿದರು.

ಯುರೋಪಿನ ಎರಡೂ ಪಾಳಯಗಳು ಅಣ್ವಸ್ತ್ರ ಕ್ಷಿಪಣಿಗಳನ್ನು ಎದುರುಬದುರು ನಿಲ್ಲಿಸುತ್ತಿದ್ದ ಹೊತ್ತಿನಲ್ಲಿ, 1982ರ ಸೆಪ್ಟೆಂಬರ್‌ನಿಂದ, ಲೈಪ್‌ಜಿಗ್‌ನ ಸಂತ ನಿಕೊಲಾಸರ ಚರ್ಚಿನಲ್ಲಿ ಪ್ರತಿ ಸೋಮವಾರ ಸಂಜೆ ಐದಕ್ಕೆ ಶಾಂತಿ ಪ್ರಾರ್ಥನೆ ಶುರುವಾಯಿತು. ಹನ್ನೆರಡನೆಯ ಶತಮಾನದ ಚರ್ಚ್ ಅದು. ಒಳಗಿನ ಬಿಳಿಯ ಕಂಬಗಳ ನೆತ್ತಿಯಲ್ಲಿ ಹಸಿರು ತಾಳೆಗರಿ ಅರಳಿದಂತಿದೆ. ಬಾಖ್ ತನ್ನ ಸಂತ ಯೋಹಾನನ ಪ್ಯಾಶನ್ ಸಂಗೀತವನ್ನು 1724ರಲ್ಲಿ ಮೊದಲು ಕೇಳಿಸಿದ್ದು ಇಲ್ಲೇ. ಸಭಾಪಾಲಕ ಕ್ರಿಸ್ಟಿಯಾನ್ ಫ್ಯೂರರ್ ಬಾಗಿಲಲ್ಲಿ ಎಲ್ಲರಿಗೂ ತೆರೆದಿದೆ ಎಂಬ ಫಲಕ ಹಾಕಿದ್ದರು. ಕೆಲವು ಸೋಮವಾರ ಬರುತ್ತಿದ್ದವರನ್ನು ಬೆರಳಲ್ಲಿ ಎಣಿಸಬಹುದಿತ್ತು.

ಆ ಫಲಕದ ಭಾರ 1988ರಲ್ಲಿ ತಿಳಿಯಿತು. ದೇಶ ಬಿಟ್ಟು ಪಶ್ಚಿಮ ಜರ್ಮನಿಗೆ ಹೋಗಲು ಅರ್ಜಿ ಹಾಕಿ, ಅದಕ್ಕಾಗಿಯೇ ಕೆಲಸ ಕಳೆದುಕೊಂಡು, ವರ್ಷಗಟ್ಟಲೆ ಕಾಯುತ್ತಿದ್ದವರು ಸೋಮವಾರದ ಪ್ರಾರ್ಥನೆಗೆ ನೂರಾರು ಸಂಖ್ಯೆಯಲ್ಲಿ ಬರತೊಡಗಿದರು. ಹೆಚ್ಚಿನವರಿಗೆ ದೇವರಲ್ಲಿ ನಂಬಿಕೆ ಇರಲಿಲ್ಲ. ನಾಡಿಗಾಗಿ ಬೇಡುವ ಜಾಗದಲ್ಲಿ ನಾಡು ಬಿಡಲು ಹಾತೊರೆಯುವವರು! ಇಲ್ಲೇ ಇದ್ದು ಸರಿಪಡಿಸೋಣ ಎನ್ನುತ್ತಿದ್ದ ಪರಿಸರದ, ಮಾನವಹಕ್ಕಿನ ಗುಂಪುಗಳಿಗೆ ಇವರ ಮೇಲೆ ಸಿಟ್ಟು. ಇಬ್ಬರ ಮೇಲೂ ಸರ್ಕಾರಕ್ಕೆ ಸಿಟ್ಟು. ಪ್ರಾರ್ಥನೆಯನ್ನು ಪ್ರಾರ್ಥನೆಯಾಗಿಯೇ ಇರಿಸಿಕೊಳ್ಳಿ, ರಾಜಕೀಯ ಬೇಡ ಎಂಬ ಒತ್ತಡ ಚರ್ಚಿನ ಹಿರಿಯರ ಮೇಲೆ ಬೀಳುತ್ತಲೇ ಇತ್ತು.

ಆ ವರ್ಷ ಆಗಸ್ಟಿನಲ್ಲಿ ಜಿಲ್ಲೆಯ ಹಿರಿಯ ಪಾದ್ರಿ ಫ್ರೀಡ್ರಿಖ್ ಮಾಗಿರಿಯುಸ್, ಪ್ರಾರ್ಥನೆ ನಡೆಸುವ ಹೊಣೆಯನ್ನು ಆ ಗುಂಪುಗಳಿಂದಲೂ, ಅವನ್ನು ಜೊತೆಗೂಡಿಸುತ್ತಿದ್ದ ಲೂಕನ ಚರ್ಚಿನ ಪಾದ್ರಿ ಕ್ರಿಸ್ಟೊಫ್ ವೊನೆಬೆರ್ಗರ್ ಅವರಿಂದಲೂ ಹಿಂತೆಗೆದುಕೊಂಡರು. ಗುಂಪುಗಳು ಚರ್ಚಿನ ಅಂಗಳದಲ್ಲಿ ನಿಂತು ಮಾತಾಡತೊಡಗಿದವು. ಮರುವರ್ಷವೇ ಅವು ಒಳಕ್ಕೆ ಬಂದದ್ದು. ಲೈಪ್‌ಜಿಗ್‌ನ ಕತೆಯನ್ನು ಪಾದ್ರಿ, ಮೇಣದಬತ್ತಿ, ಪವಾಡ ಎಂದು ಹೇಳುವವರು ಈ ಜಗಳವನ್ನು ಬಿಟ್ಟುಬಿಡುತ್ತಾರೆ. ನನಗಂತೂ ಕತೆಯ ಜೀವ ಇಲ್ಲಿಯೇ ಇದೆ ಎನಿಸುತ್ತದೆ. ದಸ್ತಗಿರಿಯಾದವರ ಹೆಸರನ್ನು ಓದಿ ಹೇಳುವುದು ಪ್ರಾರ್ಥನೆಯೋ ಪ್ರಕಟಣೆಯೋ? ವೊನೆಬೆರ್ಗರ್ ಪಾಲಿಗೆ ಎರಡೂ ಒಂದೇ. ಹೆಸರಿಲ್ಲದೆ ಯಾರಿಗಾಗಿ ಬೇಡುವುದು? ಮಾಗಿರಿಯುಸ್ ಅಂಜುಬುರುಕರೆಂದು ಸುಮ್ಮನೆ ತಳ್ಳಿಹಾಕುವಂತೆಯೂ ಇಲ್ಲ. ಚರ್ಚಿನ ಬಾಗಿಲೇ ಮುಚ್ಚಿದರೆ ಈ ಜನ ಎಲ್ಲಿ ಹೋಗುತ್ತಾರೆ ಎಂಬ ಚಿಂತೆ ಅವರದು. ಇತ್ತ, ಅಂಗಳಕ್ಕೆ ತಳ್ಳಿಸಿಕೊಂಡ ಗುಂಪುಗಳು ಅಲ್ಲಿಯೇ ಬಯಲಿನಲ್ಲಿ ಮಾತಾಡುವ ಧೈರ್ಯ ಕಲಿತದ್ದೂ ನಿಜ. ಒಳಗೇ ಇದ್ದಿದ್ದರೆ ಅಷ್ಟು ಬೇಗ ಬೀದಿಗಿಳಿಯುತ್ತಿರಲಿಲ್ಲವೇನೋ.

1989ರ ಮೇ 7ರ ಸ್ಥಳೀಯ ಚುನಾವಣೆಯಲ್ಲಿ ಸರ್ಕಾರಿ ಪಟ್ಟಿಗೆ ಶೇ. 98.85 ಮತ ಬಂತೆಂದು ಘೋಷಿಸಿದರು. ಈ ಸಲ ಎಣಿಕೆಯ ಜಾಗದಲ್ಲಿ ಚರ್ಚಿನ ಗುಂಪುಗಳ ಜನ ನಿಂತು ಲೆಕ್ಕ ಬರೆದುಕೊಂಡಿದ್ದರು, ಸುಳ್ಳು ಸಿಕ್ಕಿಬಿತ್ತು. ಜೂನ್‌ನಲ್ಲಿ ಬೀಜಿಂಗ್‌ನ ತಿಯಾನನ್ಮೆನ್ ಹತ್ಯೆಯನ್ನು ಪೂರ್ವ ಜರ್ಮನಿಯ ಸಂಸತ್ತು ಸಮರ್ಥಿಸಿತು. ಇಲ್ಲೂ ಹಾಗೇ ಮಾಡಬಲ್ಲೆವು ಎಂಬ ಸೂಚನೆ ಎಲ್ಲರಿಗೂ ಅರ್ಥವಾಯಿತು. ಬೇಸಿಗೆಯ ರಜೆ ಮುಗಿದು ಸೆಪ್ಟೆಂಬರ್ 4ರಂದು ಪ್ರಾರ್ಥನೆ ಮತ್ತೆ ಶುರುವಾದಾಗ ಊರಲ್ಲಿ ವ್ಯಾಪಾರ ಮೇಳ, ಪಶ್ಚಿಮದ ಟಿವಿ ಕ್ಯಾಮೆರಾಗಳು. ಅಂಗಳದಲ್ಲಿ ಬಿಚ್ಚಿದ ಬ್ಯಾನರನ್ನು ಮಫ್ತಿಯಲ್ಲಿದ್ದ ಗುಪ್ತಚರರು ಕ್ಯಾಮೆರಾದ ಮುಂದೆಯೇ ಕಿತ್ತೆಳೆದರು. ಮುಂದಿನ ಸೋಮವಾರಗಳಲ್ಲಿ ದಸ್ತಗಿರಿ. ಹಿಡಿದೊಯ್ದವರ ಹೆಸರುಗಳು ಚರ್ಚಿನ ಕಿಟಕಿಯ ಸರಳುಗಳ ಮೇಲೆ ಬಂದವು, ಪಕ್ಕದಲ್ಲಿ ಹೂವು, ದೀಪ. ಅಕ್ಟೋಬರ್ 7, ಸರ್ಕಾರ ತನ್ನ 40ನೇ ಹುಟ್ಟುಹಬ್ಬ ಆಚರಿಸಿದ ದಿನ, ಹೊಡೆದು ಹಿಡಿದವರನ್ನು ಊರಾಚೆಯ ಕುದುರೆ ಲಾಯಗಳಿಗೆ ತುಂಬಿದರು.

ಅಕ್ಟೋಬರ್ 9ರ ಸೋಮವಾರ ರಕ್ತ ಹರಿಯುತ್ತದೆ ಎಂದೇ ಊರು ನಂಬಿತ್ತು. ಬೇಕಾದರೆ ಆಯುಧ ಹಿಡಿದೇ ಸಮಾಜವಾದವನ್ನು ಕಾಯುತ್ತೇವೆ ಎಂಬರ್ಥದ ಪತ್ರ ಸ್ಥಳೀಯ ಪತ್ರಿಕೆಯಲ್ಲಿ ಮೂರು ದಿನದ ಹಿಂದಷ್ಟೇ ಬಂದಿತ್ತು. ಮಧ್ಯಾಹ್ನವೇ ಪಕ್ಷದ ಸುಮಾರು 600 ಸದಸ್ಯರು ನಿಕೊಲಾಸರ ಚರ್ಚಿಗೆ ಬಂದು ಕೂತರು, ಬೇರೆಯವರಿಗೆ ಜಾಗ ಸಿಗದಿರಲೆಂದು. ಗುಪ್ತಚರರು ಈ ಪ್ರಾರ್ಥನೆಗಳಿಗೆ ಹೊಸಬರಲ್ಲ. ತಪ್ಪದೆ ಹಾಜರಾದವರಿಗೆ ಬಹುಮಾನ ಕೊಡುವುದಾದರೆ ಗುಪ್ತಚರ ಸಂಸ್ಥೆ ಸ್ಟಾಸಿಯವರಿಗೇ ಸಲ್ಲಬೇಕು. ಫ್ಯೂರರ್ ಪಕ್ಷದವರನ್ನು ಸ್ವಾಗತಿಸಿ, ದುಡಿಯುವ ಜನ ಸಂಜೆಯಲ್ಲದೆ ಬರಲಾರರು ಎಂದು ಮೇಲಿನ ಗ್ಯಾಲರಿಗಳನ್ನು ಅವರಿಗಾಗಿ ಕಾದಿರಿಸಿದರು. ಅಂದು ನಾಲ್ಕು ಚರ್ಚ್‌ಗಳಲ್ಲಿ ಒಟ್ಟಿಗೆ ಪ್ರಾರ್ಥನೆ. ಸ್ಯಾಕ್ಸನಿಯ ಬಿಷಪ್ ಯೊಹಾನೆಸ್ ಹೆಂಪೆಲ್ ಒಂದರಿಂದ ಇನ್ನೊಂದಕ್ಕೆ ಓಡಾಡಿ ಕೈಯೆತ್ತಬೇಡಿ ಎಂದು ಬೇಡಿಕೊಂಡರು. ಗೆವಾಂಡ್‌ಹೌಸ್ ವಾದ್ಯವೃಂದದ ನಿರ್ದೇಶಕ ಕುರ್ಟ್ ಮಾಸುರ್, ಒಬ್ಬ ದೇವಶಾಸ್ತ್ರಜ್ಞ, ಒಬ್ಬ ಹಾಸ್ಯ ಕಲಾವಿದ, ಪಕ್ಷದ ಮೂವರು ಜಿಲ್ಲಾ ಕಾರ್ಯದರ್ಶಿಗಳು ಸೇರಿ ಬರೆದ ಶಾಂತಿಯ ಮನವಿಯನ್ನು ಚರ್ಚ್‌ಗಳಲ್ಲೂ ಬೀದಿಯ ಧ್ವನಿವರ್ಧಕಗಳಲ್ಲೂ ಓದಿದರು. ಬಾಗಿಲು ತೆರೆದಾಗ ಹೊರಗೆ ಜನಸಾಗರ.

ಸುಮಾರು 70,000 ಜನ ನಗರದ ವರ್ತುಲ ರಸ್ತೆಯಲ್ಲಿ ನಡೆದರು. ನಾವೇ ಜನ, ಹಿಂಸೆ ಬೇಡ ಎಂಬ ಎರಡು ಕೂಗು. ಮೇಣದಬತ್ತಿ ಹಿಡಿಯಲು ಒಂದು ಕೈ, ಗಾಳಿಗೆ ಆರದಂತೆ ಮರೆಮಾಡಲು ಇನ್ನೊಂದು, ಕಲ್ಲೆತ್ತಲು ಕೈಯೇ ಉಳಿಯುವುದಿಲ್ಲ ಎಂದು ಫ್ಯೂರರ್ ಆಮೇಲೆ ಹೇಳುತ್ತಿದ್ದರು. ಪೊಲೀಸರು ಹಿಂದೆ ಸರಿದರು. ಒಂದು ಗುಂಡೂ ಹಾರಲಿಲ್ಲ. ಒಂಬತ್ತು ದಿನದಲ್ಲಿ ದೇಶವಾಳುತ್ತಿದ್ದ ಪಕ್ಷದ ನಾಯಕ ಹೊನೆಕರ್ ಅಧಿಕಾರ ಬಿಟ್ಟರು, ಒಂದು ತಿಂಗಳಿಗೆ ಬರ್ಲಿನ್ ಗೋಡೆ ತೆರೆಯಿತು.

ಪ್ರಾರ್ಥನೆಯೇ ಸರ್ಕಾರ ಉರುಳಿಸಿತು ಎಂದರೆ ಲೆಕ್ಕ ಸರಿಹೋಗದು. ಸೋವಿಯತ್ ಸೈನ್ಯ ಬ್ಯಾರಕ್ಕಿನಿಂದ ಹೊರಬರಲಿಲ್ಲ. ಬರ್ಲಿನ್‌ನಿಂದ ಸ್ಪಷ್ಟ ಆದೇಶ ಬರಲಿಲ್ಲ. ಇಷ್ಟು ಜನ ಬರುತ್ತಾರೆಂದು ಪೊಲೀಸರು ಅಂದಾಜಿಸಿರಲಿಲ್ಲ. ನಡೆದವರಲ್ಲಿ ಚರ್ಚಿನೊಳಗೆ ಕೂತು ಬಂದವರು ಸಣ್ಣ ಪಾಲು. ಆದರೆ ಹಿಂಸೆ ಬೇಡ ಎಂಬ ಕೂಗು ಅಂದೇ ಹುಟ್ಟಿದ್ದಲ್ಲ. ಯೇಸುವಿನ ಬೆಟ್ಟದ ಪ್ರಸಂಗವನ್ನು, ಹಗೆಯನ್ನೂ ಪ್ರೀತಿಸುವ ಆ ಕಷ್ಟದ ಪಾಠವನ್ನು, ಏಳು ವರ್ಷ ಸೋಮವಾರ ಸೋಮವಾರ ಓದಿದ ಜಾಗದಿಂದ ಅದು ಬೀದಿಗಿಳಿದಿತ್ತು. ಆಳುವವರಿಗಾಗಿ ಬೇಡುವ ಹಳೆಯ ರೂಢಿಗೂ ಇಲ್ಲೊಂದು ಅರ್ಥ ಸಿಕ್ಕಿತು: ಅವರ ಆಯುಸ್ಸನ್ನೂ ಕೇಳದೆ, ಪತನವನ್ನೂ ಕೇಳದೆ, ಅವರು ಕಳಿಸಿದ ಜನರನ್ನೇ ಒಳಗೆ ಕೂರಿಸಿಕೊಂಡು ಬೇಡುವುದು.

ಬೇಡಿದವರಿಗೆ ಬೇಡಿದ್ದು ಸಿಕ್ಕಿತೇ? ವೊನೆಬೆರ್ಗರ್ ಅಕ್ಟೋಬರ್ ಕೊನೆಗೆ ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡರು. ಗೋಡೆ ತೆರೆದಾಗ ಅವರು ಹಾಸಿಗೆಯಲ್ಲಿದ್ದರು. 1990ರ ಮಾರ್ಚ್ 18ರ ಮುಕ್ತ ಚುನಾವಣೆಯಲ್ಲಿ ಚಳವಳಿಯ ಗುಂಪುಗಳ ಕೂಟಕ್ಕೆ ಬಿದ್ದದ್ದು ಶೇ. 2.9 ಮತ. ಏಕೀಕರಣದ ಬೆನ್ನಿಗೇ ಕಾರ್ಖಾನೆಗಳು ಮುಚ್ಚಿದವು. ಸೋಮವಾರದ ಪ್ರಾರ್ಥನೆ ನಿಲ್ಲಲಿಲ್ಲ. ಕೆಲಸ ಹೋದವರ ಸಂಕಟ ಅದರೊಳಗೆ ಬಂತು, ನಿರುದ್ಯೋಗಿಗಳ ನೆರವಿಗೆ ಫ್ಯೂರರ್ ಚರ್ಚಿನಲ್ಲೇ ವ್ಯವಸ್ಥೆ ಮಾಡಿದರು. ಅವರು 2014ರಲ್ಲಿ ತೀರಿಕೊಂಡರು. ಮರುವರ್ಷ ಜನವರಿಯಲ್ಲಿ ಲೈಪ್‌ಜಿಗ್‌ನ ಬೀದಿಗಳಲ್ಲಿ ನಾವೇ ಜನ ಎಂಬ ಕೂಗು ಮತ್ತೆ ಕೇಳಿಸಿತು, ಸೋಮವಾರದ ಸಂಜೆಗಳಲ್ಲೇ. ಈ ಸಲ ಕೂಗುತ್ತಿದ್ದವರು ವಲಸಿಗರು ಮತ್ತು ಮುಸ್ಲಿಮರು ಬೇಡ ಎನ್ನುವವರು. ನಿಕೊಲಾಸರ ಚರ್ಚಿನಲ್ಲಿ ಸೇರಿದ್ದವರು ಶಾಂತಿ ಪ್ರಾರ್ಥನೆ ಮುಗಿಸಿ, ಅವರಿಗೆ ಎದುರಾಗಿ ಮೆರವಣಿಗೆ ಹೊರಟರು.