ಮಾವುತನಿಲ್ಲದ ಆನೆ

೨೦೨೫ರ ಅಕ್ಟೋಬರ್ ೧೪ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ೧೦ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ಮುಂದಿನದಾದ ವಿಂಡೋಸ್ ೧೧ ನೆಲಸಬೇಕಾದರೆ ಟಿ.ಪಿ.ಎಂ. ೨.೦ ಎಂಬ ಭದ್ರತಾ ಬಿಲ್ಲೆಯೂ ತಕ್ಕಮಟ್ಟಿಗೆ ಹೊಸದಾದ ಪ್ರೊಸೆಸರೂ ಬೇಕು. ಮೈಸೂರಿನಂತಹ ವಿದ್ಯಾನಗರದಲ್ಲಿ ಅಣ್ಣನಿಂದಲೋ ಅಂಗಡಿಯಿಂದಲೋ ಹಳೆಯ ಲ್ಯಾಪ್‌ಟಾಪ್ ಪಡೆದ ವಿದ್ಯಾರ್ಥಿಗಳಿಗೆ ಕೊರತೆಯಿಲ್ಲ. ಚೆನ್ನಾಗಿ ನಡೆಯುತ್ತಿರುವ ಆ ಯಂತ್ರವನ್ನು ಗುಜರಿಗೆ ಹಾಕಬೇಕೆ? ಹಾಕಬೇಕಾಗಿಲ್ಲ. ಹಣ ತೆರದೆ ದೊರೆಯುವ ಲಿನಕ್ಸ್ ವ್ಯವಸ್ಥೆಯನ್ನು ಅದರಲ್ಲಿ ಸ್ಥಾಪಿಸಬಹುದು. ಆದರೆ ಸ್ಥಾಪಿಸಹೊರಟವರಲ್ಲಿ ಹಲವರು ಅರ್ಧದಾರಿಯಲ್ಲಿ ಕೈಬಿಡುತ್ತಾರೆ. ಒಬ್ಬರಿಗೆ ಡಿಸ್ಕ್ ಕಾಣುವುದಿಲ್ಲ; ಇನ್ನೊಬ್ಬರಿಗೆ ವೈಫೈ ಇಲ್ಲ; ಮತ್ತೊಬ್ಬರಿಗೆ ಪರದೆಯೇ ಕಪ್ಪು.

ಈ ತೊಂದರೆಗಳ ಮೂಲವನ್ನು ತಿಳಿಯಲು ನಮ್ಮ ದಸರಾ ಮೆರವಣಿಗೆಯನ್ನು ನೆನೆಯೋಣ. ಮೆರವಣಿಗೆಯನ್ನು ನಡೆಸುವ ಅಧಿಕಾರಿ ಎಷ್ಟೇ ದೊಡ್ಡವನಾಗಲಿ, ಆನೆ ಅವನ ಮಾತನ್ನು ಕೇಳುವುದಿಲ್ಲ. ಅದು ಕೇಳುವುದು ತನ್ನ ಮಾವುತನ ಮಾತನ್ನು. ಅದರಿಂದಲೇ ಶಿಬಿರಗಳಿಂದ ಆನೆಗಳೊಂದಿಗೆ ಮಾವುತರೂ ಕಾವಾಡಿಗಳೂ ಬರುತ್ತಾರೆ. ಗಣಕದಲ್ಲಿಯೂ ಹಾಗೆಯೇ. ಲಿನಕ್ಸಿನ ತಿರುಳಾದ ಕರ್ನಲ್ ಅಧಿಕಾರಿಯ ಸ್ಥಾನದಲ್ಲಿದೆ. ಡಿಸ್ಕು, ವೈಫೈ, ಚಿತ್ರಫಲಕಗಳು ಆನೆಗಳು. ಒಂದೊಂದಕ್ಕೂ ಡ್ರೈವರ್ ಎಂಬ ಮಾವುತನು ಬೇಕು.

೧೯೯೧ರ ಆಗಸ್ಟಿನಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತನ್ನ ಹೊಸ ವ್ಯವಸ್ಥೆಯನ್ನು ಕುರಿತು ಪ್ರಕಟಿಸಿದಾಗ, ಎ.ಟಿ. ಜಾತಿಯ ಡಿಸ್ಕುಗಳನ್ನು ಬಿಟ್ಟು ಬೇರಾವುದಕ್ಕೂ ಅದು ಪ್ರಾಯಶಃ ಎಂದೂ ಒಗ್ಗದು, ಏಕೆಂದರೆ ತನ್ನಲ್ಲಿರುವುದು ಅದೊಂದೇ ಎಂದು ತಿಳಿಸಿದ್ದನು. ಇಂದು ಅದೇ ಕರ್ನಲ್ಲಿನೊಡನೆ ಸಾವಿರಾರು ಸಾಧನಗಳ ಡ್ರೈವರುಗಳು ಬರುತ್ತವೆ. ಇವುಗಳಲ್ಲಿ ಕೆಲವನ್ನು ತಯಾರಕರೇ ಬರೆದುಕೊಟ್ಟರು; ಕೆಲವನ್ನು ಆಸಕ್ತರು ಸಾಧನದ ನಡವಳಿಕೆಯನ್ನು ಹೊರಗಿನಿಂದ ಪರೀಕ್ಷಿಸಿ ರಚಿಸಿದರು. ಎಲ್ಲ ಸಾಧನಗಳೂ ಸಮನಾಗಿ ನಡೆಯದಿರುವುದಕ್ಕೆ ಇದೊಂದು ಕಾರಣ.

ಸ್ಥಾಪನೆಗೆ ಮುನ್ನ ಪೆನ್‌ಡ್ರೈವಿನಿಂದಲೇ ಲಿನಕ್ಸನ್ನು ನಡೆಸಿ ನೋಡುವ ಅವಕಾಶವುಂಟು. ಇದನ್ನು ಯಾರೂ ಬಿಡಬಾರದು. ಡಿಸ್ಕಿನ ಒಂದಕ್ಷರವನ್ನೂ ಅಳಿಸದೆ ಧ್ವನಿ, ವೈಫೈ, ಕ್ಯಾಮರಾಗಳು ನಡೆಯುವುವೋ ಇಲ್ಲವೋ ಎಂಬುದು ಹತ್ತು ನಿಮಿಷಗಳಲ್ಲಿ ಗೊತ್ತಾಗುತ್ತದೆ. ಯಂತ್ರವು ಪೆನ್‌ಡ್ರೈವಿನಿಂದ ಏಳಲೇ ಇಲ್ಲವಾದರೆ, ಕಡತವನ್ನು ಅದಕ್ಕೆ ಬರಿದೆ ನಕಲು ಮಾಡಿರುವ ಸಂಭವ ಹೆಚ್ಚು. ಅದಕ್ಕೆಂದೇ ಇರುವ ಸಾಧನದಿಂದ ಬರೆಯಬೇಕು.

ವೈಫೈ ಕಾಣದೆಂದು ಇಟ್ಟುಕೊಳ್ಳೋಣ. ಮೊದಲನೆಯ ಪ್ರಶ್ನೆ: ಆನೆ ಇದೆಯೆ? ಟರ್ಮಿನಲ್ಲಿನಲ್ಲಿ ಎಲ್‌ಎಸ್‌ಪಿಸಿಐ ಎಂಬ ಆಜ್ಞೆಯನ್ನು ಎನ್‌ಎನ್‌ಕೆ ಎಂಬ ಸೂಚನೆಯೊಂದಿಗೆ ಕೊಟ್ಟರೆ ಒಳಗಿನ ಸಾಧನಗಳ ಪಟ್ಟಿ ಬರುತ್ತದೆ. ಪ್ರತಿಯೊಂದರ ಮುಂದೆಯೂ ತಯಾರಕನ ಸಂಖ್ಯೆ, ಸಾಧನದ ಸಂಖ್ಯೆ ಎಂಬ ಜೋಡಿಯಿರುತ್ತದೆ. ಬ್ರಾಡ್‌ಕಾಂ ಸಂಸ್ಥೆಗೆ ೧೪ಇ೪ ಎಂದು, ಇಂಟೆಲ್ಲಿಗೆ ೮೦೮೬ ಎಂದು. ೧೯೭೮ರಲ್ಲಿ ಇಂಟೆಲ್ ಹೊರತಂದ ಪ್ರಸಿದ್ಧ ಪ್ರೊಸೆಸರಿನ ಹೆಸರೂ ೮೦೮೬. ತಯಾರಕರಿಗೂ ವಿನೋದ ಪ್ರಿಯವೆಂದು ತೋರುತ್ತದೆ. ಈ ಜೋಡಿಸಂಖ್ಯೆಯನ್ನು ಗುರುತಿಟ್ಟುಕೊಂಡು ಹುಡುಕಿದರೆ ಪರಿಹಾರ ಸಿಕ್ಕುವುದು ಸುಲಭ. ಲ್ಯಾಪ್‌ಟಾಪಿನ ಮೇಲೆ ಅಚ್ಚಾದ ಹೆಸರಿನಿಂದ ಹುಡುಕುವವರು ದಾರಿ ತಪ್ಪುತ್ತಾರೆ, ಏಕೆಂದರೆ ಒಂದೇ ಹೆಸರಿನ ಯಂತ್ರಗಳೊಳಗೆ ಬೇರೆ ಬೇರೆ ವೈಫೈ ಫಲಕಗಳಿರಬಹುದು.

ಎರಡನೆಯ ಪ್ರಶ್ನೆ: ಮಾವುತನು ಬಂದಿದ್ದಾನೆಯೆ? ಅದೇ ಪಟ್ಟಿಯಲ್ಲಿ ಸಾಧನದ ಕೆಳಗೆ, ಬಳಕೆಯಲ್ಲಿರುವ ಡ್ರೈವರಿನ ಹೆಸರಿರುತ್ತದೆ. ಹೆಸರಿಲ್ಲದಿದ್ದರೆ ಡ್ರೈವರ್ ಜೋಡಣೆಯಾಗಿಲ್ಲ. ಹೆಸರಿದ್ದೂ ವೈಫೈ ನಡೆಯದಿದ್ದರೆ ಫರ್ಮ್‌ವೇರನ್ನು ಶಂಕಿಸಬೇಕು. ಅನೇಕ ವೈಫೈ ಫಲಕಗಳೊಳಗೆ ಪುಟ್ಟದೊಂದು ಗಣಕವೇ ಇದ್ದು, ವಿದ್ಯುತ್ತು ಬಂದಾಗಲೆಲ್ಲ ಅದಕ್ಕೆ ಅದರದೇ ಆದೇಶಗಳನ್ನು ತುಂಬಬೇಕಾಗುತ್ತದೆ. ಆ ಕಡತ ಸಿಕ್ಕದಿದ್ದರೆ ಮಾವುತನಿದ್ದೂ ಆನೆ ಮೇಲೇಳುವುದಿಲ್ಲ. ಕರ್ನಲ್ಲಿನ ದಿನಚರಿಯನ್ನು ತೋರಿಸುವ ಡಿಎಂಇಎಸ್‌ಜಿ ಆಜ್ಞೆಯಲ್ಲಿ ಬೇಕಾದ ಕಡತದ ಹೆಸರೇ ಕಾಣುವುದುಂಟು. ಇಂಥ ಕಡತಗಳಲ್ಲಿ ಹಲವು ಸ್ವತಂತ್ರ ಪರವಾನಗಿಯವಲ್ಲವಾದುದರಿಂದ ಡೆಬಿಯನ್ ಸಮುದಾಯವು ಬಹುಕಾಲ ಅವನ್ನು ತನ್ನ ಅಧಿಕೃತ ಸ್ಥಾಪಕದಿಂದ ಹೊರಗಿಟ್ಟಿತ್ತು. ೨೦೨೨ರಲ್ಲಿ ಮತ ಹಾಕಿ ನಿಲುವನ್ನು ಬದಲಿಸಿ, ೨೦೨೩ರ ಡೆಬಿಯನ್ ೧೨ರಿಂದ ಸೇರಿಸತೊಡಗಿತು. ತತ್ತ್ವನಿಷ್ಠರಿಗೆ ಇದು ಹಿಡಿಸದಿರಬಹುದು. ಬಳಕೆದಾರನಿಗೆ ಮಾತ್ರ ಉಪಕಾರವಾಯಿತು.

ಇಂಟರ್ನೆಟ್ ಇಲ್ಲದೆ ಫರ್ಮ್‌ವೇರನ್ನು ತರುವುದೆಂತು? ಮೊಬೈಲನ್ನು ಯು.ಎಸ್.ಬಿ. ತಂತಿಯಿಂದ ಜೋಡಿಸಿ, ಅದರ ಟೆದರಿಂಗ್ ಸೌಲಭ್ಯವನ್ನು ತೆರೆದರೆ ಸಾಮಾನ್ಯವಾಗಿ ಸಾಕು.

ಪರದೆ ಕಪ್ಪಾಗುವುದಕ್ಕೆ ಚಿತ್ರಫಲಕದ ಡ್ರೈವರ್ ಬಹುಮಟ್ಟಿಗೆ ಕಾರಣ. ಆರಂಭದ ಪಟ್ಟಿಯಲ್ಲಿ ಇ ಕೀಲಿಯನ್ನೊತ್ತಿ, ಲಿನಕ್ಸ್ ಎಂದು ಮೊದಲಾಗುವ ಸಾಲಿನ ಕೊನೆಗೆ ನೋ, ಮೋಡ್, ಸೆಟ್ ಎಂಬ ಮೂರು ಇಂಗ್ಲಿಷ್ ಪದಗಳನ್ನು ಕೂಡಿಸಿ ಬರೆದರೆ ತಾತ್ಕಾಲಿಕವಾಗಿ ಸರಳ ಚಿತ್ರವಾದರೂ ಮೂಡುತ್ತದೆ. ಅನಂತರ ತಕ್ಕ ಡ್ರೈವರನ್ನು ಹಾಕಬಹುದು.

ಡಿಸ್ಕ್ ಕಾಣದಿರುವುದೇ ಎಲ್ಲಕ್ಕಿಂತ ಅಪಾಯದ ವಿಷಯ. ಕೆಲವು ಇಂಟೆಲ್ ಲ್ಯಾಪ್‌ಟಾಪುಗಳಲ್ಲಿ ಡಿಸ್ಕನ್ನು ರೇಡ್ ಎಂಬ ಕ್ರಮದ ಮರೆಯಲ್ಲಿಟ್ಟಿರುತ್ತಾರೆ. ಸ್ಥಾಪಕಕ್ಕೆ ಅದು ಗೋಚರಿಸುವುದಿಲ್ಲ. ಯಂತ್ರದ ಮೂಲ ಹೊಂದಿಕೆಗಳಲ್ಲಿ ಎ.ಎಚ್.ಸಿ.ಐ. ಕ್ರಮಕ್ಕೆ ಬದಲಿಸಿದರೆ ಕಾಣಿಸೀತು. ಆದರೆ ಸಿದ್ಧತೆಯಿಲ್ಲದೆ ಬದಲಿಸಿದರೆ ಅದೇ ಡಿಸ್ಕಿನಲ್ಲಿರುವ ವಿಂಡೋಸ್ ಏಳದೆ ಹೋಗಬಹುದು. ಮೊದಲು ವಿಂಡೋಸನ್ನು ಸೇಫ್ ಮೋಡಿನಲ್ಲಿ ಏಳುವಂತೆ ಗೊತ್ತುಮಾಡಿ, ಆಮೇಲೆ ಬದಲಿಸುವುದು ರೂಢಿ. ಇದಕ್ಕಿಂತ ಕಠಿಣವಾದುದು ಬಿಟ್‌ಲಾಕರಿನ ಬೀಗ. ಮೂಲ ಹೊಂದಿಕೆ ಬದಲಾದುದನ್ನು ಕಂಡ ಬಿಟ್‌ಲಾಕರ್ ೪೮ ಅಂಕಿಗಳ ಕೀಲಿಯನ್ನು ಕೇಳಬಹುದು. ಆ ಕೀಲಿ ದೊರೆಯದಿದ್ದರೆ ಎರಡು ವರ್ಷ ದುಡಿದು ಬರೆದ ಪ್ರಬಂಧವೂ ಮನೆಯವರ ಚಿತ್ರಗಳೂ ಡಿಸ್ಕಿನಲ್ಲಿದ್ದೂ ಇಲ್ಲದಂತೆಯೇ ಸರಿ. ಆದುದರಿಂದ ಹೊಂದಿಕೆಯನ್ನು ಮುಟ್ಟುವ ಮೊದಲು ಆ ಕೀಲಿಯನ್ನು ಕಾಗದದಲ್ಲಿ ಬರೆದಿಡಬೇಕು. ಮುಖ್ಯ ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆದು, ಅದನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಬೇಕು.

ಇಷ್ಟೆಲ್ಲ ಆದಮೇಲೂ ಕೆಲವು ಲ್ಯಾಪ್‌ಟಾಪುಗಳ ಬೆರಳಚ್ಚು ಓದುವ ಸಾಧನ ಮಾತ್ರ ಮಿಸುಕುವುದಿಲ್ಲ. ಅದಕ್ಕೆ ಮಾವುತನು ಇನ್ನೂ ಹುಟ್ಟಿಲ್ಲ. ಅಲ್ಲಿಯವರೆಗೆ ಗುಪ್ತಪದವನ್ನು ಕೈಯಿಂದಲೇ ಒತ್ತಬೇಕು.