ಬೈಲು, ಬೆಟ್ಟು ಮತ್ತು ಪಂಚಾಯತಿ

ಚಾರ್ಮಾಡಿ ಘಾಟಿಯನ್ನಿಳಿದು ಬೆಳ್ತಂಗಡಿಯ ಮಾರ್ಗವಾಗಿ ಬಂಟ್ವಾಳದತ್ತ ಸಾಗುವ ಪಥಿಕನಿಗೆ, ಗುಡ್ಡದ ಹಿಂದೊಂದು ಗುಡ್ಡ, ಅವೆರಡರ ನಡುವೆ ಅಡಕೆಯ ತೋಟವನ್ನು ಹೊತ್ತ ಕಿರಿದಾದ ಬೈಲು, ಬೈಲಿನ ಅಂಚಿನಲ್ಲಿ ಒಂಟಿ ಮನೆ, ಇವು ಕಣ್ಣಿಗೆ ಬೀಳುವುವಲ್ಲದೆ, ಘಟ್ಟದ ಮೇಲಣ ಸೀಮೆಯಲ್ಲಿರುವಂತೆ ಮನೆಗೆ ಮನೆ ತಾಗಿ ನಿಂತ ಊರು ಪೇಟೆಗಳ ಹೊರತು ಗೋಚರಿಸುವುದು ಅಪೂರ್ವ. ದಕ್ಷಿಣ ಕನ್ನಡ ಜಿಲ್ಲೆಯ ಸ್ಥಳೀಯಾಡಳಿತವನ್ನು ಅರಿಯಬಯಸುವವರು ಮೊದಲು ಈ ಭೂಲಕ್ಷಣವನ್ನು ಮನಗಾಣಬೇಕು.

ಇಲ್ಲಿಯ ನೆಲವನ್ನು ವಿಂಗಡಿಸಿದುದು ನೀರು. ತೊರೆಯ ಬದಿಯ ತಗ್ಗುಗದ್ದೆ ಬೈಲು. ಅದಕ್ಕಿಂತ ತುಸು ಮೇಲಿನದು ಮಜಲು. ಮಳೆಯನ್ನೇ ನಂಬಿದ ಎತ್ತರದ ಗದ್ದೆ ಬೆಟ್ಟು. ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳಲ್ಲಿ ಬೈಲಿಗೆ ಮೂರೂ ದಕ್ಕಬಹುದಾಗಿದ್ದರೆ, ಬೆಟ್ಟಿಗೆ ಏಣೆಲೊಂದೇ ಗತಿ. ಮಳೆಗಾಲ ಮುಗಿದೊಡನೆ ತೊರೆಗೆ ಅಡ್ಡಲಾಗಿ ಮಣ್ಣು, ಕಲ್ಲು, ಮರಗಳಿಂದ ಕಟ್ಟ ಕಟ್ಟಿ, ಸರದಿಯಂತೆ ನೀರು ಹಂಚಿಕೊಳ್ಳುತ್ತಿದ್ದ ಬೇಸಾಯಗಾರರ ಕೂಟವನ್ನು ಈ ನಾಡಿನ ಆದಿಮ ಪಂಚಾಯತಿಯೆಂದು ಕರೆಯಲು ನನಗೆ ಸಂಕೋಚವಿಲ್ಲ.

ಈ ತೊರೆಗಳೆಲ್ಲ ಸೇರತಕ್ಕ ಮಹಾನದಿ ನೇತ್ರಾವತಿ. ಧರ್ಮಸ್ಥಳವನ್ನು ಹಾದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಪಾಣೆಮಂಗಳೂರು–ಬಂಟ್ವಾಳಗಳ ನಡುವೆ ವಿಶಾಲವಾಗಿ ಹರಿದು, ತುಂಬೆಯಲ್ಲಿ ಮಂಗಳೂರು ನಗರಕ್ಕೆ ಕುಡಿಯುವ ನೀರನ್ನಿತ್ತು ಕಡಲನ್ನು ಸೇರುವ ಈ ನದಿಯೇ 1923 ಮತ್ತು 1974ರಲ್ಲಿ ಬಂಟ್ವಾಳ ಪೇಟೆಯನ್ನು ಮುಳುಗಿಸಿತು. ತಾಲೂಕಿನ ಕಚೇರಿಗಳು ಇಂದು ಹಳೆಯ ಪೇಟೆಯಲ್ಲಿಲ್ಲ, ಬಿ.ಸಿ. ರೋಡಿನಲ್ಲಿವೆ.

ರಾಜಕೀಯದ ಎಲ್ಲೆಗಳು ನೀರಿನ ಎಲ್ಲೆಗಳಷ್ಟು ಸ್ಥಿರವಾದುವಲ್ಲ. 1799ರಲ್ಲಿ ಇಂಗ್ಲಿಷರ ವಶವಾದ ಕೆನರಾ ಮುಂದೆ ಇಬ್ಭಾಗವಾಗಿ, ಅದರ ದಕ್ಷಿಣ ಭಾಗವು ಮದರಾಸಿನಲ್ಲಿಯೇ ಉಳಿದು, 1956ರಲ್ಲಿ ಕಾಸರಗೋಡನ್ನು ಕಳೆದುಕೊಂಡು ಮೈಸೂರು ರಾಜ್ಯವನ್ನು ಸೇರಿತು. 1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾಯಿತು. ಚೌಟರಸರ ರಾಜಧಾನಿಯಾಗಿದ್ದ, 1430ರ ಸಾವಿರ ಕಂಬದ ಬಸದಿಯಿಂದ ವಿಖ್ಯಾತವಾದ ಮೂಡಬಿದಿರೆಯಂತೂ ಕಾರ್ಕಳಕ್ಕೆ, ಬಳಿಕ ಮಂಗಳೂರಿಗೆ ಸೇರಿದ್ದು, 2018ರಲ್ಲಿ ತಾನೇ ತಾಲೂಕಾಯಿತು. ಬೆಳ್ತಂಗಡಿಯವರು ಉಪವಿಭಾಗದ ಕೆಲಸಗಳಿಗೆ ಈಗಲೂ ಪುತ್ತೂರಿಗೆ ಹೋಗತಕ್ಕವರು.

ಅಂದು ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರ ಪರಿಶ್ರಮದ ಫಲವಾದ 1983ರ ಕಾಯಿದೆಯಂತೆ 1987ರಲ್ಲಿ ಮಂಡಲ ಪಂಚಾಯತಿಗಳು ರೂಪುಗೊಂಡುವು. 1993ರ ಕಾಯಿದೆಯಿಂದ ಇಂದಿನ ಗ್ರಾಮ ಪಂಚಾಯತಿಗಳು ಬಂದುವು. ಸಾಮಾನ್ಯವಾಗಿ 5000ದಿಂದ 7000 ಜನಕ್ಕೆ ಒಂದು ಗ್ರಾಮ ಪಂಚಾಯತಿಯೆಂದು ವಿಧಿಸಿದ ಆ ಕಾಯಿದೆಯು, ದಕ್ಷಿಣ ಕನ್ನಡವೂ ಸೇರಿದಂತೆ ಕೆಲವು ಜಿಲ್ಲೆಗಳಲ್ಲಿ 2500 ಜನಸಂಖ್ಯೆಗೂ ಅವಕಾಶವಿತ್ತಿತು. ನೆಲದ ಗುಣವನ್ನು ಶಾಸನವು ಇಷ್ಟು ಚೆನ್ನಾಗಿ ಗ್ರಹಿಸಿದ ನಿದರ್ಶನಗಳು ವಿರಳ. ಏಕೆಂದರೆ ಚದುರಿದ ಮನೆಗಳಿಗೆ ದಾರಿಯನ್ನೂ ನೀರಿನ ಕೊಳವೆಯನ್ನೂ ದೀಪದ ತಂತಿಯನ್ನೂ ಒಯ್ಯುವ ಭಾರವು ಜನಸಂಖ್ಯೆಯಿಂದಲ್ಲ, ದೂರದಿಂದ ಅಳೆಯತಕ್ಕದ್ದು.

ಆದರೆ ಕಟ್ಟಗಳ ಮಾತು ಬೇರೆ. ಒಂದೇ ತೊರೆ ಎರಡು ಮೂರು ಪಂಚಾಯತಿಗಳನ್ನು ಹಾದುಹೋಗುವಲ್ಲಿ, ಮೇಲಿನವರು ನೀರು ತಡೆಯಲು ಕಟ್ಟಕ್ಕೆ ಹಲಗೆಯಿಳಿಸಿದ ದಿನ ಕೆಳಗಿನವರ ತೋಟ ಒಣಗತೊಡಗಬಹುದು. ಹರಿವು ಸಣ್ಣದಾಗುವ ಮುನ್ನ, ಕಾರ್ತಿಕಮಾಸದಲ್ಲಿಯೇ, ಒಂದೊಂದು ತೊರೆಯ ಪಂಚಾಯತಿಗಳೆಲ್ಲ ತಾಲೂಕು ಪಂಚಾಯತಿಯ ಸಭಾಂಗಣದಲ್ಲಿ ಕಲೆತು, ಯಾವ ಕಟ್ಟಕ್ಕೆ ಎಂದು ಹಲಗೆಯಿಡಬೇಕೆಂಬುದನ್ನು ನಿಶ್ಚಯಿಸಿಕೊಳ್ಳುವ ಪದ್ಧತಿ ಎಲ್ಲೆಡೆ ಏರ್ಪಡಬೇಕು.